ಸಿ ಡ್ರೈವ್ ಕೆಂಪಾದಾಗ: ಫ್ಲೆಕ್ಸ್ ಅಂಗಡಿ ಕಂಪ್ಯೂಟರಿನಲ್ಲಿ ಜಾಗದ ಲೆಕ್ಕ

ಕೊಪ್ಪಳ, ಗಂಗಾವತಿ ಕಡೆಯ ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಗವಿಮಠದ ಜಾತ್ರೆ, ಅದರ ಹಿಂದೆಯೇ ಮದುವೆ ಸೀಸನ್ ಬಂತೆಂದರೆ ಫೋನಿನಲ್ಲಿ ಒಂದೇ ಮಾತು: "ಸಿ ಡ್ರೈವ್ ಕೆಂಪಗಾಗೇತ್ರಿ ಸರ, ಫಾರ್ಮ್ಯಾಟ್ ಹೊಡದುಬಿಡ್ರಿ." ನಾನು ಹೊಡೆಯುವುದಿಲ್ಲ. ತುಂಬಿದ್ದೇನು ಎಂದು ತಿಳಿಯದೆ ಫಾರ್ಮ್ಯಾಟ್ ಮಾಡಿದರೆ ಅದೇ ಸಾಫ್ಟ್‌ವೇರ್ ಅದೇ ಜಾಗಕ್ಕೆ ಮತ್ತೆ ಫೈಲು ಸುರಿಯುತ್ತದೆ. ನುಡಿ ಫಾಂಟು, ಪ್ರಿಂಟರ್ ಡ್ರೈವರ್, ಬಣ್ಣದ ಪ್ರೊಫೈಲ್ ಎಲ್ಲ ಮೊದಲಿಂದ ಹಾಕುವ ತಾಪತ್ರಯ ಬೇರೆ.

ಮೊದಲು ಲೆಕ್ಕ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ 'ಯೂಸ್ಡ್ ಸ್ಪೇಸ್' ಎಷ್ಟಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 256 ಜಿಬಿ ಎಸ್‌ಎಸ್‌ಡಿ 238 ಎಂದೇ ತೋರಿಸುತ್ತದೆ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಹಿಡಿದರೆ ವಿಂಡೋಸ್ 107 ಕೋಟಿ ಚಿಲ್ಲರೆ ಹಿಡಿಯುತ್ತದೆ, ಅಷ್ಟೇ. ಆ 18 ಜಿಬಿ ಹುಡುಕುತ್ತ ಕೂರಬೇಡಿ.

ಆಮೇಲೆ ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿನ್‌ಡರ್‌ಸ್ಟ್ಯಾಟ್ ಅಥವಾ ವಿಜ್‌ಟ್ರೀ. ವಿಜ್‌ಟ್ರೀ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯದೆ ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲನ್ನೇ (ಡ್ರೈವಿನ ಎಲ್ಲ ಫೈಲುಗಳ ಪಟ್ಟಿ) ಓದುವುದರಿಂದ ಬಹಳ ಬೇಗ ಮುಗಿಸುತ್ತದೆ. ಆದರೆ ಅದು ಉಚಿತವಾಗಿರುವುದು ಸ್ವಂತ ಬಳಕೆಗೆ ಮಾತ್ರ. ಅಂಗಡಿಗಾದರೆ ಲೈಸೆನ್ಸ್ ಬೇಕು. ವಿನ್‌ಡರ್‌ಸ್ಟ್ಯಾಟ್‌ಗೆ ಆ ತಕರಾರಿಲ್ಲ, ಸ್ವಲ್ಪ ಕಾಯಬೇಕು. ಯಾವುದೇ ಇರಲಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟೇ ತೆರೆಯಿರಿ. ಇಲ್ಲದಿದ್ದರೆ ಬೇರೆ ಯೂಸರ್‌ಗಳ ಫೋಲ್ಡರ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಹಿಂದೆ ಕೆಲಸಕ್ಕಿದ್ದ ಹುಡುಗನ ಹೆಸರಿನ ಖಾತೆಯಲ್ಲಿ ಡೆಸ್ಕ್‌ಟಾಪ್ ತುಂಬ ಡಿಸೈನ್ ಉಳಿದಿರುವುದು ಹೀಗೇ ಕಣ್ಣು ತಪ್ಪುವುದು.

ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ರಿಪ್ ಸಾಫ್ಟ್‌ವೇರಿನ (ಡಿಸೈನನ್ನು ಪ್ರಿಂಟರ್ ಹೊಡೆಯುವ ಚುಕ್ಕೆಗಳಾಗಿ ಬದಲಿಸುವಂಥದ್ದು) ಔಟ್‌ಪುಟ್ ಫೋಲ್ಡರಿನದು. ಮಾಲೀಕರು ಇದನ್ನು ನಂಬುವುದಿಲ್ಲ, "ಡಿಸೈನ್ ಫೈಲೇ 40 ಎಂಬಿ ಐತಲ್ರಿ" ಅನ್ನುತ್ತಾರೆ. ಲೆಕ್ಕ ಹಾಕಿ ತೋರಿಸಬೇಕಾಗುತ್ತದೆ: 10×8 ಅಡಿಯ ಬ್ಯಾನರ್, 360×720 ರೆಸಲ್ಯೂಷನ್, ಅಂದರೆ ಇಂಚಿಗೆ ಅಷ್ಟು ಚುಕ್ಕೆ. 120 ಇಂಚಿಗೆ 43,200 ಚುಕ್ಕೆ, 96 ಇಂಚಿಗೆ 69,120 ಚುಕ್ಕೆ; ಗುಣಿಸಿದರೆ ಸುಮಾರು 299 ಕೋಟಿ. ನಾಲ್ಕು ಬಣ್ಣ, ಬಣ್ಣಕ್ಕೆ ಎರಡು ಬಿಟ್ ಎಂದರೆ ಚುಕ್ಕೆಗೆ ಒಂದು ಬೈಟ್. ಕಂಪ್ರೆಸ್ ಮಾಡದಿದ್ದರೆ ಒಂದೇ ಬ್ಯಾನರಿಗೆ 2.8 ಜಿಬಿ ಹತ್ತಿರ. ಪ್ರಿಂಟ್ ಮುಗಿದರೂ ಆ ಫೈಲ್ ತಾನಾಗಿ ಹೋಗಬೇಕೆಂದೇನಿಲ್ಲ. ಮೂಲ ಡಿಸೈನ್ ಇದ್ದರೆ ಮತ್ತೆ ರಿಪ್ ಮಾಡಿಕೊಳ್ಳಬಹುದು, ಆದ್ದರಿಂದ ಇವನ್ನು ಅಳಿಸಲು ಅಂಜಬೇಕಿಲ್ಲ. ಔಟ್‌ಪುಟ್ ದಾರಿಯನ್ನು ಡಿ ಡ್ರೈವಿಗೆ ತಿರುಗಿಸುವುದೇ ಖಾಯಂ ಮದ್ದು.

ಎರಡನೆಯದು ಫೋಟೋಶಾಪ್. ಕೆಲಸದ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ 'ಫೋಟೋಶಾಪ್ ಟೆಂಪ್' ಎಂದು ಶುರುವಾಗುವ ಫೈಲ್ ಅಲ್ಲೇ ಉಳಿಯುತ್ತದೆ, ಒಂದೊಂದು ಹಲವು ಜಿಬಿ. ಫೋಟೋಶಾಪ್ ಮುಚ್ಚಿ, ಆಮೇಲೆ ಅಳಿಸಿ. ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು (ಇಂಥ ತಾತ್ಕಾಲಿಕ ಫೈಲ್ ಇಡುವ ಡ್ರೈವ್) ಡಿ ಮಾಡಿ. ಕೋರೆಲ್‌ನಲ್ಲಿ ಪ್ರತಿ ಫೈಲಿನ ಪಕ್ಕ 'ಬ್ಯಾಕಪ್ ಆಫ್' ಹೆಸರಿನ ಜೋಡಿ ಇರುತ್ತದೆ. ಅದನ್ನು ನಾನು ನಿಲ್ಲಿಸುವುದಿಲ್ಲ. ಮೂಲ ಫೈಲ್ ಕೆಟ್ಟಾಗ ಮಾನ ಉಳಿಸುವುದು ಅದೇ. ವರ್ಷ ಕಳೆದವನ್ನು ಮಾತ್ರ ತೆಗೆಯುತ್ತೇನೆ.

ಈಗ ಚೀಟಿಗೆ ಬನ್ನಿ. ಫೋಲ್ಡರುಗಳ ಮೊತ್ತಕ್ಕೂ ಚೀಟಿಯ ಅಂಕಿಗೂ ಹತ್ತಿಪ್ಪತ್ತು ಜಿಬಿ ಅಂತರ ಬಂದರೆ ಅನುಮಾನ ಮೊದಲು 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಮೇಲೆ. ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟುಗಳು ಅಲ್ಲಿರುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಫೋಲ್ಡರ್ ತೆರೆದು ಎಣಿಸುವ ಸಾಧನಕ್ಕೆ ಅದರೊಳಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಸಿ ಡ್ರೈವ್ ಆರಿಸಿ ಕಾನ್ಫಿಗರ್ ಒತ್ತಿದರೆ 'ಕರೆಂಟ್ ಯೂಸೇಜ್' ಕಾಣುತ್ತದೆ. ಕೆಳಗಿನ ಸ್ಲೈಡರನ್ನು ಶೇ. 5ಕ್ಕೆ ಇಳಿಸಿದರೆ ಸಾಕು, ಪೂರ್ತಿ ಆಫ್ ಮಾಡಬೇಡಿ.

ಎಕ್ಸ್‌ಪ್ಲೋರರ್‌ನಲ್ಲಿ ಕಾಣದ ಇನ್ನೊಂದು ಹೈಬರ್‌ಫಿಲ್ ಫೈಲ್. ಹೈಬರ್ನೇಟ್ ಮಾಡಿದಾಗ ತೆರೆದ ಕೆಲಸವನ್ನೆಲ್ಲ ವಿಂಡೋಸ್ ಇದರಲ್ಲಿ ಉಳಿಸಿ ಕಂಪ್ಯೂಟರ್ ಆರಿಸುತ್ತದೆ. ಸಾಮಾನ್ಯವಾಗಿ ರ್‍ಯಾಮ್‌ನ ಶೇ. 40ರಷ್ಟು, 16 ಜಿಬಿ ರ್‍ಯಾಮ್ ಇದ್ದರೆ 6.4 ಜಿಬಿ. ಅಂಗಡಿಯ ಡೆಸ್ಕ್‌ಟಾಪಿಗೆ ಹೈಬರ್ನೇಟ್ ಯಾರೂ ಬಳಸುವುದಿಲ್ಲ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಫೈಲೇ ಹೋಗುತ್ತದೆ. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಕಂಪ್ಯೂಟರ್ ಏಳುವುದು ತುಸು ತಡ.

ಕೈ ಹಾಕಬಾರದವು ಎರಡು, ಎರಡೂ ವಿಂಡೋಸ್ ಫೋಲ್ಡರಿನೊಳಗೆ. ವಿನ್‌ಎಸ್‌ಎಕ್ಸ್‌ಎಸ್‌ನ ಎಷ್ಟೋ ಫೈಲುಗಳು ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಬೇರೆ ಬೇರೆ ಕಡೆ ಹೆಸರು) ಆಗಿರುವುದರಿಂದ ಎಕ್ಸ್‌ಪ್ಲೋರರ್ ಅದೇ ಫೈಲನ್ನು ಎರಡೆರಡು ಕಡೆ ಎಣಿಸಿ ದೊಡ್ಡದು ಮಾಡಿ ತೋರಿಸುತ್ತದೆ. ಅಳಿಸಿದರೆ ವಿಂಡೋಸೇ ಏಳದೆ ಹೋಗಬಹುದು. ಇನ್‌ಸ್ಟಾಲರ್ ಫೋಲ್ಡರ್ ಖಾಲಿ ಮಾಡಿದರೆ ಕೆಲವು ಸಾಫ್ಟ್‌ವೇರ್ ಅಪ್‌ಡೇಟೂ ಆಗುವುದಿಲ್ಲ, ತೆಗೆಯಲೂ ಬರುವುದಿಲ್ಲ. ಹಳೆ ಅಪ್‌ಡೇಟುಗಳನ್ನು ಡಿಸ್ಕ್ ಕ್ಲೀನಪ್‌ನ 'ಕ್ಲೀನಪ್ ಸಿಸ್ಟಮ್ ಫೈಲ್ಸ್' ಮೂಲಕವೇ ತೆಗೆಯಿರಿ.

ಸೆಟ್ಟಿಂಗ್ಸ್‌ನ 'ಟೆಂಪರರಿ ಫೈಲ್ಸ್' ಪಟ್ಟಿ ಬಳಸುವವರು ರಿಮೂವ್ ಒತ್ತುವ ಮೊದಲು 'ಡೌನ್‌ಲೋಡ್ಸ್' ಎದುರಿನ ಟಿಕ್ ತೆಗೆದಿದೆಯೇ ನೋಡಿ. ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಬಂದ ಗಿರಾಕಿಯ ಫೋಟೋ, ಲಗ್ನಪತ್ರಿಕೆಯ ಮ್ಯಾಟರ್ ಎಲ್ಲ ಇಳಿದು ಕೂತಿರುವುದು ಅದೇ ಫೋಲ್ಡರಿನಲ್ಲಿ.