ಸೂಕ್ಷ್ಮ ಚಾನೆಲ್‌ನಲ್ಲಿ ನೀರಿನ ವೇಗ: ಕರೆಂಟ್ ನೋಡಿ ಅಳೆದ ನನ್ನ ಅನುಭವ

ಕೂದಲೆಳೆಯಷ್ಟು ಸಣ್ಣ ಚಾನೆಲ್‌ನಲ್ಲಿ ನೀರು ಓಡಿಸಲು ಪಂಪ್ ಬೇಕಿಲ್ಲ, ಎರಡು ತುದಿಗೂ ವೋಲ್ಟೇಜ್ ಕೊಟ್ಟರೆ ಸಾಕು. ಒದ್ದೆಯಾದ ಗಾಜಿನ ಗೋಡೆಗೆ ಋಣ ಆವೇಶ ಬರುತ್ತದೆ. ಅದರ ಪಕ್ಕದಲ್ಲೇ ಧನ ಅಯಾನುಗಳು ಸೇರಿಕೊಳ್ಳುತ್ತವೆ. 10 ಮಿಲಿಮೋಲಾರ್ (ಲೀಟರಿಗೆ 10 ಮಿಲಿಮೋಲ್ ಲವಣ) ದ್ರಾವಣದಲ್ಲಿ ಈ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್ ಅಷ್ಟೇ. ಆದರೂ ಅದು ಜರುಗಿದರೆ ಚಾನೆಲ್‌ನ ನೀರೆಲ್ಲ ಜೊತೆಗೆ ಹೊರಡುತ್ತದೆ!

ಈ ವೇಗ ಅಳೆಯಲು ನಾನು ಬಣ್ಣ ಹಾಕುವುದಿಲ್ಲ. ಎಷ್ಟೋ ಬಣ್ಣಗಳಿಗೆ ತಮ್ಮದೇ ಆವೇಶ ಇರುತ್ತದೆ, ಅವು ನೀರಿಗಿಂತ ಬೇರೆ ವೇಗದಲ್ಲಿ ಹೋಗುತ್ತವೆ. ಅದಕ್ಕೇ ಕರೆಂಟ್ ನೋಡುತ್ತೇನೆ. ಪಿಡಿಎಂಎಸ್ (ಒಂದು ಬಗೆಯ ಸಿಲಿಕೋನ್ ರಬ್ಬರ್) ಮತ್ತು ಗಾಜಿನ ಚಿಪ್, 4 ಸೆಂಟಿಮೀಟರ್ ಉದ್ದ, 100 ಮೈಕ್ರಾನ್ ಆಳ ಮತ್ತು ಅಗಲದ ಚಾನೆಲ್. ಪೂರ್ತಿ 10 ಮಿಲಿಮೋಲಾರ್ ಬಫರ್ (ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟ, ಸುಲಭವಾಗಿ ಬದಲಾಗದಂತೆ ತಡೆಯುವ ದ್ರಾವಣ) ತುಂಬಿ, ಧನ ತುದಿಯ ವೆಲ್‌ಗೆ (ತುದಿಯಲ್ಲಿ ದ್ರಾವಣ ಹಾಕುವ ಪುಟ್ಟ ಗುಂಡಿಗೆ) ಮಾತ್ರ 9.5 ಮಿಲಿಮೋಲಾರ್ ಬಫರ್ ಹಾಕುತ್ತೇನೆ. 1000 ವೋಲ್ಟ್ ಕೊಟ್ಟಾಗ ಸುಮಾರು 25 ಮೈಕ್ರೋಆಂಪಿಯರ್ ಬರುತ್ತದೆ. ಅಯಾನು ಕಡಿಮೆ ಇರುವುದರಿಂದ ಕಡಿಮೆ ಕರೆಂಟ್ ಹರಿಸುವ ಈ ತೆಳು ದ್ರಾವಣ ಒಳಗೆ ನುಗ್ಗಿದಂತೆ ಕರೆಂಟ್ ನೇರ ಗೆರೆಯಲ್ಲಿ ಇಳಿದು, 24ರ ಹತ್ತಿರ ಸಮತಟ್ಟಾಗುತ್ತದೆ. ಅಲ್ಲಿಗೆ ಚಾನೆಲ್ ತುಂಬಿತು ಅಂತ ಲೆಕ್ಕ. 40 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 1 ಮಿಲಿಮೀಟರ್.

ಗೆರೆ ತಿರುಗುವ ಮೂಲೆ ಚೂಪಾಗಿರಬೇಕು. ದುಂಡಗಾಗಿದ್ದರೆ ನಾನು ಮೊದಲು ವೆಲ್‌ಗಳ ನೀರಿನ ಮಟ್ಟ ನೋಡುತ್ತೇನೆ. 1 ಮಿಲಿಮೀಟರ್ ವ್ಯತ್ಯಾಸ ಅಂದರೆ 10 ಪಾಸ್ಕಲ್ ಒತ್ತಡ. ಈ ಚಾನೆಲ್‌ನಲ್ಲಿ ಅದು ವೇಗವನ್ನು ಹತ್ತರಲ್ಲೊಂದು ಪಾಲಿನಷ್ಟು ಕೆಡಿಸುತ್ತದೆ. 20 ಮೈಕ್ರಾನ್ ಆಳದಲ್ಲಾದರೆ ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಒತ್ತಡದ ಹರಿವು ಆಳ ಕಡಿಮೆಯಾದಂತೆ ತುಂಬಾ ಬೇಗ ಕುಗ್ಗುತ್ತದೆ, ವಿದ್ಯುತ್ತಿನದು ಹಾಗಲ್ಲ. ಪರೀಕ್ಷೆ ಸುಲಭ: ಧನ, ಋಣ ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಈ ಸಲ ಕರೆಂಟ್ ಏರುತ್ತದೆ. ಎರಡೂ ಸಮಯ ಒಂದೇ ಬಂದರೆ ಮಟ್ಟ ಸರಿಯಿದೆ.

ವೆಲ್‌ನ ದ್ರಾವಣವನ್ನೂ ಆಗಾಗ ಬದಲಿಸಲೇಬೇಕು. ಪ್ಲಾಟಿನಂ ತಂತಿಯ ಹತ್ತಿರ ನೀರು ವಿಭಜನೆಯಾಗಿ ಒಂದು ಕಡೆ ಆಮ್ಲ, ಇನ್ನೊಂದು ಕಡೆ ಕ್ಷಾರ ಸೇರುತ್ತಿರುತ್ತದೆ. 25 ಮೈಕ್ರೋಆಂಪಿಯರ್ 10 ನಿಮಿಷ ಹರಿದರೆ, 100 ಮೈಕ್ರೋಲೀಟರ್ ವೆಲ್‌ನಲ್ಲಿ ಸುಮಾರು 1.5 ಮಿಲಿಮೋಲಾರ್ ಆಮ್ಲ. 10 ಮಿಲಿಮೋಲಾರ್ ಬಫರ್‌ಗೆ ಇದು ಸಣ್ಣ ಹೊರೆ ಏನಲ್ಲ ಅಲ್ವಾ? ಪಿಎಚ್ ಜಾರಿದರೆ ಗೋಡೆಯ ಆವೇಶವೂ ಬದಲಾಗುತ್ತದೆ.

ಪ್ಲಾಸ್ಮಾ (ಅಯಾನೀಕರಿಸಿದ ಅನಿಲ) ತಾಗಿಸಿ ನೀರು ಹತ್ತುವಂತೆ ಮಾಡಿದ ಪಿಡಿಎಂಎಸ್ ಗಾಳಿಗೆ ಸುಮ್ನೆ ಬಿದ್ದಿದ್ದರೆ ಮತ್ತೆ ನೀರು ಒಲ್ಲದ ಮೇಲ್ಮೈ ಆಗುತ್ತದೆ, ಹರಿವು ನಿಧಾನವಾಗುತ್ತದೆ. ಹಾಗಾಗಿ ಚಿಪ್ ಅಂಟಿಸಿದ ದಿನವೇ ಅಳೆಯುತ್ತೇನೆ. ಆಗದಿದ್ದರೆ ಚಾನೆಲ್‌ಗೆ ನೀರು ತುಂಬಿ, ವೆಲ್‌ಗಳನ್ನು ಮುಚ್ಚಿಡುತ್ತೇನೆ.