ಫಾರ್ಮ್ಯಾಟ್ ಹೊಡೆಯದೆ ಲಾಗಿನ್ ಸರಿ ಮಾಡಿದ್ದು

ನನ್ನ ಕಂಪ್ಯೂಟರ್ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಲಾಗಿನ್‌ಗೇ ಬರುತ್ತಿತ್ತು. "ನಿನ್ನ ಹೋಮ್ ಫೋಲ್ಡರ್ (ನಿನ್ನ ಫೈಲು, ಸೆಟ್ಟಿಂಗ್ ಇರುವ ಜಾಗ) ಕೆಟ್ಟಿದೆ, ಡೇಟಾ ತೆಗೆದು ಫಾರ್ಮ್ಯಾಟ್ ಹೊಡಿ" ಎಂದವರೆಲ್ಲ ಈಗ ಸುಮ್ಮನಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಡಿಟಿಪಿ ಕೆಲಸದ ಹಳೇ ಮೆಷಿನ್. ಎನ್‌ವಿಡಿಯಾ ಜಿಟಿ 710 ಗ್ರಾಫಿಕ್ಸ್ ಕಾರ್ಡ್, ಅದರ 470 ಡ್ರೈವರ್. ಉಬುಂಟು ಲಿನಕ್ಸನ್ನು 22.04ರಿಂದ 24.04ಕ್ಕೆ ಏರಿಸಿದೆ. ಪಾಸ್‌ವರ್ಡ್ ತೆಗೆದುಕೊಳ್ಳುತ್ತದೆ, ಪರದೆ ಒಮ್ಮೆ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್. ಡಿಸ್ಕ್‌ನಲ್ಲಿ ಜಾಗ ಇತ್ತು. ಲಾಗಿನ್ ಅನುಮತಿ ಇಡುವ ಎಕ್ಸ್‌ಅಥಾರಿಟಿ ಫೈಲ್ ಅಳಿಸಿದೆ, ಏನೂ ಆಗಲಿಲ್ಲ. ಗೆಳೆಯರ ಮಾತು ಕೇಳಿ ಲೈಟ್‌ಡಿಎಂ ಎಂಬ ಬೇರೆ ಲಾಗಿನ್ ಪ್ರೋಗ್ರಾಂ ಹಾಕಿದೆ. ಆಗ ಲಾಗಿನ್ ಸ್ಕ್ರೀನೂ ಹೋಯ್ತು! ಟಿಟಿವೈಗೆ (ಬರೀ ಅಕ್ಷರದ ಕಮಾಂಡ್ ಪರದೆ) ಹೋಗಿ ಮೊದಲಿದ್ದ ಲಾಗಿನ್ ಪ್ರೋಗ್ರಾಂ ಜಿಡಿಎಂ ವಾಪಸ್ ತಂದೆ.

ಹೊಸ ಯೂಸರ್ ಮಾಡಿದರೆ ಸಲೀಸಾಗಿ ಒಳಗೆ ಹೋಯ್ತು. ಎಲ್ಲರೂ ಹೋಮ್ ಫೋಲ್ಡರ್ ಮೇಲೆ ಬಿದ್ದಿದ್ದು ಇದರಿಂದಲೇ. ನನಗೆ ಮಾತ್ರ ಅನುಮಾನ ಕಾರ್ಡಿನ ಡ್ರೈವರ್ ಮೇಲೆ. ಹೊಸ ಯೂಸರ್ ಪರದೆ 1024ರ ರೆಸಲ್ಯೂಶನ್‌ನಲ್ಲೇ ನಿಂತಿತ್ತು, ವಿಡಿಯೋ ತಡವರಿಸುತ್ತಿತ್ತು. ಅದು ವೇಲ್ಯಾಂಡ್ (ಪರದೆ ಬಿಡಿಸುವ ಹೊಸ ವ್ಯವಸ್ಥೆ) ಸೆಶನ್. ನಾನು ಹಿಂದೆ ಯಾವತ್ತೋ ಎಕ್ಸ್‌ಆರ್ಗ್ (ಅದೇ ಕೆಲಸದ ಹಳೇ ವ್ಯವಸ್ಥೆ, ಚಿಕ್ಕದಾಗಿ ಎಕ್ಸ್) ಆರಿಸಿಕೊಂಡಿದ್ದೆ, ಸಿಸ್ಟಮ್ ಅದನ್ನು ನೆನಪಿಟ್ಟುಕೊಂಡಿತ್ತು. ಗೇರ್ ಗುರುತು ಒತ್ತಿ ವೇಲ್ಯಾಂಡ್ ಆರಿಸಿದೆ. ನನ್ನ ಅಕೌಂಟೂ ತೆರೆಯಿತು! ಅಂದರೆ ಕೆಟ್ಟಿದ್ದು ಹೋಮ್ ಅಲ್ಲ, ಎಕ್ಸ್. ಲೈಟ್‌ಡಿಎಂ ಕಪ್ಪಾಗಿದ್ದೂ ಅದಕ್ಕೇ, ಅದರ ಲಾಗಿನ್ ಸ್ಕ್ರೀನ್ ನಿಂತಿರುವುದೇ ಎಕ್ಸ್ ಮೇಲೆ ಅಲ್ವಾ?

ಎಕ್ಸ್‌ಆರ್ಗ್ ಲಾಗ್‌ನ ಕೊನೆಯಲ್ಲಿ 'ನೋ ಸ್ಕ್ರೀನ್ಸ್ ಫೌಂಡ್'. ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಡ್ರೈವರ್ ಕಟ್ಟಿಕೊಡುವ ಟೂಲ್) ಸ್ಟೇಟಸ್ ನೋಡಿದರೆ ಡ್ರೈವರ್ ಮಾಡ್ಯೂಲ್ ಹಳೇ 5.15 ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ಮಾತ್ರ ಇತ್ತು. ಹೊಸ 6.8 ಕರ್ನಲ್‌ನ ಹೆಡರ್ಸ್ (ಮಾಡ್ಯೂಲ್ ಕಟ್ಟಲು ಬೇಕಾದ ಫೈಲುಗಳು) ಮೆಷಿನ್‌ನಲ್ಲೇ ಇರಲಿಲ್ಲ, ಮಾಡ್ಯೂಲ್ ಕಟ್ಟುವುದು ಹೇಗೆ? ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿ, ಡಿಕೆಎಂಎಸ್ ಆಟೋಇನ್‌ಸ್ಟಾಲ್ ಕೊಟ್ಟು, ರೀಬೂಟ್ ಮಾಡಿದೆ. ಅಷ್ಟೇ, ಸರಿಯಾಯ್ತು.

ಅಂಗಡಿಯವನು ಬ್ಯಾಕಪ್, ಫಾರ್ಮ್ಯಾಟ್ ಸೇರಿ ಸಾವಿರದೈನೂರರ ಹತ್ತಿರ ಕೇಳಿದ್ದ. ಇನ್ನೊಬ್ಬ ಮೂರು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಡಲು ತಯಾರಿದ್ದ. ನನಗೆ ಖರ್ಚಾಗಿದ್ದು ನೂರು ಎಂಬಿ ಒಳಗಿನ ಡೇಟಾ ಮತ್ತು ಒಂದಷ್ಟು ಕಾಫಿ.

ನಡುವೆ ನೂವೋ ಎಂಬ ಮುಕ್ತ ಡ್ರೈವರನ್ನೂ ಎಬ್ಬಿಸಿ ನೋಡಿದೆ. ಲಾಗಿನ್ ಆಯ್ತು, ಫಾಂಟ್ ಚೆನ್ನಾಗೇ ಕಂಡವು, ಆದರೆ ದೊಡ್ಡ ಪೋಸ್ಟರ್ ಫೈಲ್ ಎಳೆದಾಡಲು ಆಗಲಿಲ್ಲ. ಲಾಗಿನ್‌ನಲ್ಲಿ ಕೀಬೋರ್ಡ್ ಲೇಔಟನ್ನೂ ನೋಡಿಕೊಳ್ಳಿ. ಕಗಪದಲ್ಲಿ (ಕನ್ನಡ ಲೇಔಟ್) ಬಿಟ್ಟಿದ್ದರೆ ಪಾಸ್‌ವರ್ಡ್ ಕನ್ನಡದಲ್ಲಿ ಬೀಳುತ್ತದೆ!

ಮುಂದಿನ ಕರ್ನಲ್ ಬಂದಾಗ ಇದು ಮರುಕಳಿಸದಂತೆ ಚಿಕ್ಕ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಕೇಳಿ. ಸೆಕ್ಯೂರ್ ಬೂಟ್ (ಗುರುತಿಲ್ಲದ ಡ್ರೈವರ್ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಮಾತ್ರ ರೀಬೂಟ್‌ನಲ್ಲಿ ನೀಲಿ ಪರದೆ ಬರಬಹುದು. ಅವಸರದಲ್ಲಿ ಕಂಟಿನ್ಯೂ ಒತ್ತಬೇಡಿ, ನಾವು ಕಟ್ಟಿದ ಡ್ರೈವರ್‌ನ ಕೀಲಿ ಒಪ್ಪಿಸುವ ಎನ್‌ರೋಲ್ ಮೋಕ್ ಆರಿಸಿ.