ಅಡುಗೆಮನೆಯ ಕಪಾಟಿಗೆ ಯಾವ ಹಲಗೆ? ಲೆಕ್ಕ ಸಿಂಕಿನ ಕೆಳಗಿನಿಂದ ಶುರುವಾಗಲಿ

ಹಳೆಯ ಅಡುಗೆಮನೆಯನ್ನು ಕಳಚಲು ಯಾರಾದರೂ ಕರೆದರೆ ನಾನು ಮೊದಲು ಬಗ್ಗಿ ನೋಡುವುದು ಸಿಂಕಿನ ಕೆಳಗಿನ ಕಪಾಟನ್ನು. ಇತ್ತೀಚೆಗೆ ಒಂದು ಮನೆಯಲ್ಲಿ ಆ ಬಾಗಿಲನ್ನು ಎಳೆದಾಗ ಹಿಂಜ್ ಬಾಗಿಲಿನ ಜೊತೆಗೇ ಕೈಗೆ ಬಂತು. ಸ್ಕ್ರೂ ಹಿಡಿದಿದ್ದ ಜಾಗದಲ್ಲಿ ಉಳಿದಿದ್ದದ್ದು ಒದ್ದೆ ಹೊಟ್ಟಿನಂಥ ಪುಡಿ. ತಳದ ಹಲಗೆ 18 ಮಿ.ಮೀ. ದಪ್ಪದ್ದು, ಕ್ಯಾಲಿಪರ್ ಹಿಡಿದು ಅಳೆದರೆ ಮುಂದಿನ ಅಂಚಿನಲ್ಲಿ 25 ತೋರಿಸಿತು. ಮೇಲಿನ ಲ್ಯಾಮಿನೇಟ್ ಹೊದಿಕೆ ಮಾತ್ರ ಹೊಸದರಂತೆಯೇ ಇತ್ತು. ಅದೇ ಗೋಡೆಯ ಮೇಲೆ, ಅದೇ ಪಾರ್ಟಿಕಲ್ ಬೋರ್ಡಿನಿಂದ (ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಮಾಡಿದ ಮೇಲಿನ ಕಪಾಟುಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಮರಗೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. "ಯಾವ ಹಲಗೆ ಒಳ್ಳೆಯದು?" ಎಂದು ಕೇಳಿದವರಿಗೆಲ್ಲ ನಾನು ಮರಳಿ ಕೇಳುವುದು ಒಂದೇ: ಎಲ್ಲಿಗೆ? ಇಡೀ ಅಡುಗೆಮನೆಗೆ ಒಂದೇ ಹಲಗೆ ಎಂಬ ಯೋಚನೆಯನ್ನು ಮೊದಲು ಬಿಡಿ. ಕಾಗದದ ಮೇಲೆ ನಿಮ್ಮ ಅಡುಗೆಮನೆಯ ನಕ್ಷೆ ಬರೆದು, ನೀರು ಬೀಳುವ ಜಾಗ, ಬಿಸಿ ತಾಗುವ ಜಾಗ, ಭಾರ ಕೂರುವ ಜಾಗ ಇವನ್ನು ಗುರುತು ಮಾಡಿಕೊಳ್ಳಿ. ಹಲಗೆಯ ಮಾತು ಆಮೇಲೆ.

ಕಪಾಟಿನ ಒಡಲಿಗೆ, ಅಂದರೆ ಬಾಗಿಲು ತೆಗೆದರೆ ಉಳಿಯುವ ಪೆಟ್ಟಿಗೆಗೆ, ನನ್ನ ಮೊದಲ ಆಯ್ಕೆ ಪ್ಲೈವುಡ್. ಮರದ ತೆಳು ಪದರಗಳನ್ನು, ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸಿ ಒತ್ತಿ ಮಾಡಿದ ಹಲಗೆ ಅದು. ಮರ ಹಿಗ್ಗುವುದು ನಾರಿಗೆ ಅಡ್ಡಲಾಗಿ. ಇಲ್ಲಿ ಪದರಗಳು ಒಂದನ್ನೊಂದು ತಡೆದು ಹಿಡಿಯುವುದರಿಂದ ಹಲಗೆ ಅಳತೆ ಬಿಟ್ಟು ಕದಲುವುದಿಲ್ಲ. ಆದರೆ ಪ್ಲೈವುಡ್ಡಿನ ಜೀವ ಇರುವುದು ಅಂಟಿನಲ್ಲಿ. ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಒಣ ಜಾಗಕ್ಕೆ ಸಾಕು. ನೀರೂ ಬಿಸಿಯೂ ಸೇರಿದಲ್ಲಿ ಕೈಬಿಡುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಫೀನಾಲಿನ ಗೆರೆಗಳು ಕಡುಗಂದು ಬಣ್ಣಕ್ಕೆ ಕಾಣುತ್ತವೆ, ಯೂರಿಯಾದವು ಬಹುತೇಕ ಬಣ್ಣವಿಲ್ಲದೆ ಇರುತ್ತವೆ. ಅಂಟಿಗೆ ಬಣ್ಣ ಬೆರೆಸುವವರೂ ಇರುವುದರಿಂದ ಕಣ್ಣನ್ನಷ್ಟೇ ನಂಬಬೇಡಿ, ಕುದಿಸಿ ನೋಡಿ.

ಕುದಿಸುವುದು ಹೇಗೆಂದರೆ, ಕೊಳ್ಳುವ ಹಾಳೆಯಿಂದಲೇ ಎರಡು ಅಂಗುಲದ ಚೌಕವೊಂದನ್ನು ಕತ್ತರಿಸಿ ಕೊಡಲು ಕೇಳಿ. ಪ್ರಯೋಗಾಲಯದಲ್ಲಿ ಮೇಲಿನ ದರ್ಜೆಯ ಪ್ಲೈವುಡ್ಡನ್ನು 72 ಗಂಟೆ ಕುದಿಸಿ ಪರೀಕ್ಷಿಸುತ್ತಾರೆ. ನಿಮಗೆ ಅಷ್ಟು ಬೇಕಿಲ್ಲ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ, ಕಿಟಕಿ ತೆರೆದಿಟ್ಟು, ನಾಲ್ಕು ಗಂಟೆ ಕುದಿಸಿ. ಹೊರತೆಗೆದು ಆರಿದ ಮೇಲೆ ಪದರಗಳ ನಡುವೆ ಚಾಕುವಿನ ತುದಿ ತೂರಿಸಿ ಮೀಟಿ. ಒಳ್ಳೆಯ ಹಲಗೆಯಲ್ಲಿ ಮರದ ನಾರು ಹರಿಯುತ್ತದೆ, ಅಂಟು ಬಿಡುವುದಿಲ್ಲ. ಪದರ ಹಾಳೆಯಂತೆ ಸಲೀಸಾಗಿ ಎದ್ದು ಬಂದರೆ ಆ ಹಲಗೆಯನ್ನು ಸಿಂಕಿನ ಹತ್ತಿರ ತರಬೇಡಿ. ಅದೇ ತುಂಡಿನ ಅಂಚನ್ನು ಬೆಳಕಿಗೆ ಹಿಡಿದು ಪದರಗಳ ನಡುವೆ ಟೊಳ್ಳು ಇದೆಯೇ ಎಂದೂ ನೋಡಿ. ಟೊಳ್ಳು ಇರುವ ಕಡೆ ಸ್ಕ್ರೂ ಹಿಡಿಯುವುದಿಲ್ಲ. ಇಡೀ ಹಾಳೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಅಂಥ ಜಾಗದಲ್ಲಿ ಸದ್ದು ಬದಲಾಗುತ್ತದೆ. ನಾಲ್ಕು ಹಾಳೆ ತಟ್ಟುವಷ್ಟರಲ್ಲಿ ಕಿವಿಗೆ ಅಭ್ಯಾಸವಾಗುತ್ತದೆ.

ಪಾರ್ಟಿಕಲ್ ಬೋರ್ಡನ್ನು ಕಂಡರೆ ಮೂಗು ಮುರಿಯುವವರು ನಮ್ಮ ಕಸುಬಿನಲ್ಲಿ ಬಹಳ. ನಾನು ಅವರ ಜೊತೆಗಿಲ್ಲ. ಒಣ ಗೋಡೆಯ ಮೇಲಿನ ಕಪಾಟಿಗೆ, ನಾಲ್ಕೂ ಅಂಚು ಮುಚ್ಚಿದ್ದರೆ, ಅದು ಚೆನ್ನಾಗಿಯೇ ಬಾಳುತ್ತದೆ. ಅದರ ಮಿತಿ ಗೊತ್ತಿರಬೇಕು, ಅಷ್ಟೆ. ಒಮ್ಮೆ ನೀರು ಕುಡಿದು ಊದಿದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಅದೇ ತೂತಿಗೆ ಎರಡು ಮೂರು ಸಲ ಸ್ಕ್ರೂ ಹಾಕಿ ತೆಗೆದರೆ ಹಿಡಿತ ಹೋಗುತ್ತದೆ. 18 ಮಿ.ಮೀ. ದಪ್ಪದ ಅಡ್ಡ ಹಲಗೆಯನ್ನು ನಾನು 600 ಮಿ.ಮೀ.ಗಿಂತ ಅಗಲವಾಗಿ ಎಂದೂ ಬಿಡುವುದಿಲ್ಲ. ಪಾತ್ರೆಗಳ ಭಾರಕ್ಕೆ ನಡು ಬಗ್ಗುತ್ತದೆ. ಅದೇ ದಪ್ಪದ ಪ್ಲೈವುಡ್ ಆದರೆ 800ರವರೆಗೆ ಧೈರ್ಯವಾಗಿ ಹೋಗುತ್ತೇನೆ.

ಎಂಡಿಎಫ್, ಅಂದರೆ ಮರದ ನಾರನ್ನು ನುಣ್ಣಗೆ ಬಿಡಿಸಿ ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಬಣ್ಣ ಹೊಡೆಯುವ ಬಾಗಿಲಿಗೆಂದೇ ಹುಟ್ಟಿದಂತಿದೆ. ನಾರಿನ ಗೆರೆಯಿಲ್ಲ, ಗಂಟಿಲ್ಲ, ಅಂಚು ಕೊರೆಯುವ ರೌಟರ್ ಯಂತ್ರ ಓಡಿಸಿದರೆ ಅಂಚು ನುಣ್ಣಗೆ ಬರುತ್ತದೆ. ಅಂಚಿನೊಳಗೆ ಸ್ಕ್ರೂ ಹಾಕುವಾಗ ಮೊದಲು ತೂತು ಕೊರೆಯದಿದ್ದರೆ ಪುಸ್ತಕದಂತೆ ಬಿರಿದುಕೊಳ್ಳುತ್ತದೆ. ಹಸಿರು ಬಣ್ಣದ ಎಂಡಿಎಫ್ ತೇವವನ್ನು ಹೆಚ್ಚು ತಡೆದುಕೊಳ್ಳುವಂತೆ ಮಾಡಿದ್ದು ನಿಜ, ಆದರೆ ತಡೆಯುವುದು ಅದರ ಅಂಟು. ಹಸಿರು ಕೇವಲ ಗುರುತಿನ ಬಣ್ಣ. ಅದನ್ನು ನೀರಿನಲ್ಲಿ ನೆನೆಸಿಡಬಹುದು ಎಂದು ಯಾರಾದರೂ ಹೇಳಿದರೆ ಒಂದು ತುಂಡನ್ನು ರಾತ್ರಿಯಿಡೀ ಬಟ್ಟಲಲ್ಲಿ ಮುಳುಗಿಸಿ, ಬೆಳಿಗ್ಗೆ ಅಳೆದು ನೀವೇ ತೀರ್ಮಾನಿಸಿ. ಎಂಡಿಎಫ್ ಕೊಯ್ಯುವಾಗ ಏಳುವ ಧೂಳು ಬಹಳ ಸೂಕ್ಷ್ಮ, ಮಾಸ್ಕ್ ಇಲ್ಲದೆ ಗರಗಸ ಮುಟ್ಟಬೇಡಿ.

ಅಂಟಿನ ಇನ್ನೊಂದು ವಿಷಯ ನನಗೆ ನಿಜಕ್ಕೂ ಚಿಂತೆಯದ್ದು. ಯೂರಿಯಾ ಅಂಟಿನ ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಹಾಗಾಗಿ ಇ1 ಅಥವಾ ಅದಕ್ಕಿಂತ ಕಡಿಮೆ ಹೊರಸೂಸುವ ದರ್ಜೆಯ ಗುರುತನ್ನು ಹಾಳೆಯ ಮೇಲೆ ಹುಡುಕಿ. ಬಾಗಿಲು ತೆರೆದೊಡನೆ ಕಣ್ಣು ಉರಿಯುವಂಥ ಕಪಾಟನ್ನು "ಹೊಸ ಮರದ ವಾಸನೆ" ಎಂದು ಒಪ್ಪಿಕೊಳ್ಳಬೇಡಿ.

ಗಟ್ಟಿಮರದ ಬಗ್ಗೆ ನನಗೆ ಪ್ರೀತಿ ಹೆಚ್ಚು. ತೇಗವಾಗಲಿ ಓಕ್ ಆಗಲಿ, ಉಳಿ ಹಿಡಿದ ಕೈಗೆ ಅದು ಕೊಡುವ ಸುಖ ಬೇರೆ ಯಾವ ಹಲಗೆಯೂ ಕೊಡದು. ಆದರೂ ಪೆಟ್ಟಿಗೆಗೆ ಅದನ್ನು ಬಳಸುವುದಿಲ್ಲ, ಬಾಗಿಲಿಗೆ ಮಾತ್ರ. ಋತು ಬದಲಾದಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೇ ಚೌಕಟ್ಟಿನ ತೋಡಿನಲ್ಲಿ ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಬೇಕು. ಅಂಟು ಹಾಕಿ ಬಿಗಿದರೆ ಒಂದಲ್ಲ ಒಂದು ದಿನ ಸೀಳುತ್ತದೆ. ಎತ್ತರದ ಬಾಗಿಲಿಗೆ ಬ್ಲಾಕ್‌ಬೋರ್ಡ್ ನೋಡಿ, ಅಂದರೆ ನಡುವೆ ಮರದ ಪಟ್ಟಿಗಳನ್ನು ಜೋಡಿಸಿ ಎರಡೂ ಬದಿಗೆ ತೆಳು ಪದರ ಅಂಟಿಸಿದ ಹಲಗೆ. ಉದ್ದಕ್ಕೆ ತಿರುಚಿಕೊಳ್ಳುವುದು ಕಡಿಮೆ.

ಸಿಂಕಿನ ಕೆಳಗೆ ಪಿವಿಸಿ ಫೋಮ್ ಹಲಗೆ, ಅಂದರೆ ಹಗುರವಾದ ಪ್ಲಾಸ್ಟಿಕ್ ಹಲಗೆ, ಹಾಕಿ. ನೀರು ಕುಡಿಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಆದರೆ ಬಿಸಿಗೆ ಮೆತ್ತಗಾಗುತ್ತದೆ, ಒಲೆಯ ಪಕ್ಕಕ್ಕೆ ಬೇಡವೇ ಬೇಡ. ಭಾರ ಹೊರುವ ಅಡ್ಡ ಹಲಗೆಗೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಪೆಟ್ಟಿಗೆ ಬೇಕೆನ್ನುವವರು 304 ದರ್ಜೆ (ತುಕ್ಕನ್ನು ಚೆನ್ನಾಗಿ ತಡೆಯುವ ಉಕ್ಕು) ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅಯಸ್ಕಾಂತ ಅಂಟದಿದ್ದರೆ 304 ಎಂಬ ಮಾತು ಸರಿಯಲ್ಲ, ನಿಕ್ಕಲ್ ಕಡಿಮೆಯಿರುವ 200 ಸರಣಿಯ ಉಕ್ಕಿಗೂ ಅದು ಅಂಟುವುದಿಲ್ಲ.

ಮೇಲ್ಮೈಗೆ ಏನೇ ಹಾಕಿದರೂ ಎರಡೂ ಬದಿಗೆ ಹಾಕಿ. ಹೊರಗೆ ಮಾತ್ರ ಲ್ಯಾಮಿನೇಟ್ ಅಂಟಿಸಿ ಒಳಗೆ ಬರಿದೇ ಬಿಟ್ಟ ಬಾಗಿಲು ತೇವವನ್ನು ಒಂದೇ ಕಡೆಯಿಂದ ಎಳೆದುಕೊಂಡು ಬಿಲ್ಲಿನಂತೆ ಬಾಗುತ್ತದೆ. ಓವನ್ ಪಕ್ಕದಲ್ಲಿ ಪಿವಿಸಿ ಮೆಂಬ್ರೇನ್ (ತೆಳು ಪ್ಲಾಸ್ಟಿಕ್ ಹಾಳೆ) ಹೊದಿಸಿದ ಬಾಗಿಲು ಬೇಡ, ಬಿಸಿಗೆ ಅಂಚಿನಿಂದ ಸುಲಿಯತೊಡಗುತ್ತದೆ.

ಹಲಗೆಯೊಳಗೆ ನೀರು ಹೋಗುವುದು ಅಂಚಿನಿಂದ. ಮುಂದೆ ಕಾಣುವ ಅಂಚಿಗೆ ಎಲ್ಲರೂ ಪಟ್ಟಿ ಹಾಕುತ್ತಾರೆ. ಕೆಳಗಿನ ಅಂಚು, ಗೋಡೆಗೆ ತಾಗುವ ಅಂಚು, ಹಿಂಜಿಗೆ ಕೊರೆದ 35 ಮಿ.ಮೀ. ಗುಂಡಿ ಇವು ಬರಿಮೈಯಲ್ಲೇ ಉಳಿದುಬಿಡುತ್ತವೆ. ಕೆಲಸದವರು ಪೆಟ್ಟಿಗೆ ಜೋಡಿಸುವ ಮೊದಲೇ ನಿಂತು ಈ ಅಂಚುಗಳಿಗೆ ಸೀಲರ್ ಎರಡು ಸಲ ಬಳಿಸಿ. ಜೋಡಿಸಿದ ಮೇಲೆ ಕುಂಚ ಹೋಗುವುದಿಲ್ಲ. ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ 100 ಮಿ.ಮೀ. ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಿಸಿ.

ಕೊನೆಗೆ ಕೊಳಾಯಿ ಕೆಲಸದವರು ಬಂದು ಪೈಪಿಗಾಗಿ ಹಿಂದಿನ ಹಲಗೆಯಲ್ಲಿ ತೂತು ಕೊರೆಯುತ್ತಾರೆ. ನಾನು ಮೊದಲು ಹೇಳಿದ ಕಪಾಟಿನಲ್ಲಿ ನೀರು ಒಳಹೊಕ್ಕಿದ್ದು ಅಂಥ ಒಂದು ತೂತಿನಿಂದ. ಪೈಪಿನ ಮೈಮೇಲೆ ಕೂಡಿದ ಹನಿಗಳು ಹಸಿ ಅಂಚಿಗೆ ಇಳಿಯುತ್ತಿದ್ದವು, ಅಲ್ಲಿಂದ ತಳಕ್ಕೆ. ಅವರು ಪೈಪ್ ಕೂರಿಸುವ ಮುನ್ನ ತೂತಿನ ಒಳಅಂಚಿಗೆ ಸಿಲಿಕೋನ್ ಹಚ್ಚಿ, ಬೆರಳಿನಿಂದ ಸುತ್ತಲೂ ತೀಡಿ, ಒಂದು ದಿನ ಒಣಗಲು ಬಿಡಿ.